ಕೊಲ್ಕತ್ತಾದಲ್ಲಿ ನಾನು ತಿಂದ ಬೆಳಕು

ವಿದೇಶಕ್ಕೆ ಹೋಗಿ ಬಂದವರು ಬರೆದದ್ದನ್ನು ನಾನು ಆಸೆಯಿಂದ ಓದುವವಳು. ನಾನು ಹೋದದ್ದು ಕೊಲ್ಕತ್ತಾಕ್ಕೆ; ಪಾಸ್‌ಪೋರ್ಟ್ ಬೇಕಾಗಲಿಲ್ಲ. ಆದರೆ ಬ್ರಹ್ಮಾವರದ ಆಚೆ ಶಾಲೆಯ ಬಿಸಿಯೂಟ ಬೇಯಿಸಿಕೊಂಡಿದ್ದವಳಿಗೆ, ಏಳನೇ ತರಗತಿಗೇ ಪುಸ್ತಕ ಮುಚ್ಚಿದವಳಿಗೆ, ಬೋರ್ಡಿನ ಒಂದು ಅಕ್ಷರವೂ ಓದಲು ಬಾರದ ಊರು ಪರದೇಶವಲ್ಲದೆ ಇನ್ನೇನು? ಅಲ್ಲಿ ನೋಡಿದ್ದನ್ನು ಬರೆಯುತ್ತೇನೆ. ಮಾಡಿದ ಒಂದು ತಪ್ಪನ್ನೂ ಬರೆಯುತ್ತೇನೆ. ಅದನ್ನು ಬಿಟ್ಟು ಬರೆದರೆ ಈ ಪ್ರವಾಸದಲ್ಲಿ ಏನೂ ಉಳಿಯುವುದಿಲ್ಲ.

ಹೌರಾ

ತಂಗಿ ವಸಂತಿ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಳು. ಐದು ತಿಂಗಳ ಬಸುರಿ. ಅವಳ ಗಂಡನಿಗೆ ಹಡಗಿನಲ್ಲಿ ಕೆಲಸ, ಖಿದಿರ್‌ಪುರದ ಬಂದರಿನಿಂದ ಹೋದವನು ಬರುವುದು ಇನ್ನು ಬೇಸಿಗೆಗೇ. ಅದಕ್ಕೇ ನಾನು ಕೆಲವು ದಿನದ ಮಟ್ಟಿಗೆ ಹೊರಟದ್ದು. ಚೀಲದಲ್ಲಿ ಒಣಸಿಗಡಿ ಇತ್ತು, ಕುಚ್ಚಲಕ್ಕಿ ಇತ್ತು, ಅವಳಿಗೆ ಇಷ್ಟವೆಂದು ಹಲಸಿನ ಹಪ್ಪಳ ಇತ್ತು. ಒಣಸಿಗಡಿಯ ವಾಸನೆಗೆ ಬೋಗಿಯಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ನಾನೂ ಅವರ ಜೊತೆ ಸುತ್ತ ನೋಡಿ, ಯಾರದ್ದಪ್ಪಾ ಇದು ಎಂಬ ಮುಖ ಮಾಡಿದ್ದೆ.

"ಅಕ್ಕ, ನೀನು ಬರುದು ಎಂಜಿನ್ ಕಾಣುವ ಮೊದಲೇ ಗೊತ್ತಾಯ್ತು," ಎಂದಳು ವಸಂತಿ, ಮೂಗು ಮುಚ್ಚಿಕೊಂಡು ನಗುತ್ತ.

ಟ್ಯಾಕ್ಸಿಯವನು ನನ್ನ ಬೆವರು ನೋಡಿ ಬಾಟಲಿ ಮುಂದೆ ಮಾಡಿದ. "ಜೊಲ್ ಖಾಬೇನ್?"

ನಾನು ವಸಂತಿಯನ್ನು ನೋಡಿದೆ. "ನೀರು ತಿನ್ತೀರಾ ಅಂತ ಕೇಳ್ತಾ ಇದ್ದಾನೆ," ಎಂದಳು. ಇಲ್ಲಿ ನೀರನ್ನು ತಿನ್ನುತ್ತಾರಂತೆ. ಚಹಾ ತಿನ್ನುತ್ತಾರೆ, ಬೀಡಿಯನ್ನೂ ತಿನ್ನುತ್ತಾರೆ. ಎಲ್ಲದಕ್ಕೂ ಆ ಒಂದೇ ಮಾತು. ಒಳ್ಳೆಯದಾಯಿತು, ಅದೊಂದನ್ನು ಕಲಿತರೆ ಈ ಊರಿನಲ್ಲಿ ಹೇಗೋ ನಡೆಯುತ್ತದೆ ಎಂದುಕೊಂಡೆ. ಆ ಧೈರ್ಯವೇ ಮುಂದೆ ನನ್ನ ಮಾನ ತೆಗೆದದ್ದು.

ಡಮ್ ಡಮ್

ವಸಂತಿಯ ಮನೆ ಡಮ್ ಡಮ್‌ನ ಒಂದು ಓಣಿಯಲ್ಲಿ, ಮಹಡಿಯ ಮೇಲೆ. ತಲೆಯ ಮೇಲೆ ವಿಮಾನ, ಕಿಟಕಿಯ ಕೆಳಗೆ ಮೀನು ಮಾರುವವರು. ಮೀನು ಅಂದರೆ ಹೊಳೆ ಮತ್ತು ಕೆರೆಯದು. ತೊಟ್ಟಿಯಲ್ಲಿ ಜೀವಂತ ಈಜಾಡುತ್ತವೆ, ಕತ್ತಿಯನ್ನು ನೆಲದಲ್ಲಿ ನಿಲ್ಲಿಸಿ ಮೀನನ್ನೇ ಅದರ ಮೇಲೆ ಎಳೆಯುತ್ತಾರೆ. ಬಂಗುಡೆ ಸಿಗುತ್ತದಾ ಎಂದು ಕೈಸನ್ನೆ ಮಾಡಿ ಕೇಳಿದೆ. ಸಮುದ್ರದ್ದು ಎಂದು ತಿಳಿದಾಗ ಮೀನು ಮಾರುವವನು ನನ್ನನ್ನು ಕನಿಕರದಿಂದ ನೋಡಿ ಒಂದು ನಿಂಬೆಹಣ್ಣು ಪುಕ್ಕಟೆ ಕೊಟ್ಟ.

ಅದು ಚಳಿಗಾಲ. ನಮ್ಮ ಕಡೆಯವರಿಗೆ ಅದು ಚಳಿಯೇ ಅಲ್ಲ, ಫ್ಯಾನ್ ನಿಲ್ಲಿಸಿದರೆ ಸಾಕಾಗುವಂಥದ್ದು. ಅಲ್ಲಿಯವರು ಗಂಡಸು ಮಕ್ಕಳೆನ್ನದೆ ಕಿವಿ ಗಲ್ಲ ಮುಚ್ಚುವ ಮಂಕಿಟೋಪಿ ಹಾಕಿಕೊಂಡು, ಹಿಮಾಲಯ ಹತ್ತಲು ಹೊರಟವರ ಹಾಗೆ ತರಕಾರಿ ಕೊಳ್ಳುತ್ತಾರೆ.

ನನಗೆ ಒಗ್ಗದೆ ಇದ್ದದ್ದು ಚಳಿಯಲ್ಲ, ಸಂಜೆ. ನಮ್ಮಲ್ಲಿ ಸೂರ್ಯ ಸಮುದ್ರಕ್ಕೆ ಇಳಿಯುವುದನ್ನು ಕೂತು ನೋಡಬಹುದು, ಅವನಿಗೆ ಅವಸರವಿಲ್ಲ. ಇಲ್ಲಿ ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಕೈ ಒರೆಸುವಷ್ಟರಲ್ಲಿ ಕತ್ತಲೆ. ಮೊದಲ ದಿನ ಹಾಗೆ ಬೆಚ್ಚಿ ನಿಂತಿದ್ದಾಗ ಎದುರು ಮನೆಯಿಂದ ಶಂಖದ ಸದ್ದು ಕೇಳಿತು. ಆಮೇಲೆ ಪಕ್ಕದ ಮನೆಯಿಂದ. ಹೆಂಗಸರು ತುಳಸಿಗೆ ದೀಪ ಇಟ್ಟು ಶಂಖ ಊದುತ್ತಿದ್ದರು. ನನಗೆ ತಟ್ಟನೆ ಊರು ಹತ್ತಿರವಾಯಿತು. ನಮ್ಮಮ್ಮನಿಗೂ ಅದು ಬಲವಾಗಿತ್ತು: ಮೂರ್ಸಂಜೆ ಹೊತ್ತಿಗೆ ಮನೆಯಲ್ಲಿ ಒಂದು ಕೋಣೆಯೂ ಕತ್ತಲಿರಬಾರದು. ದನದ ಕೊಟ್ಟಿಗೆಗೂ ಒಂದು ಚಿಮಣಿ ಇಡುತ್ತಿದ್ದಳು. ಅಮ್ಮ ಹೋದಾಗ ವಸಂತಿ ಮೂರು ವರ್ಷದವಳು. ನಾನು ಶಾಲೆ ಬಿಟ್ಟು ಅವಳನ್ನು ಎತ್ತಿಕೊಂಡೆ, ಚಿಮಣಿಯನ್ನೂ ಎತ್ತಿಕೊಂಡೆ. ಇವತ್ತಿಗೂ ಆ ಹೊತ್ತಿಗೆ ನನ್ನ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ.

ಮೀನಿನ ಕೋಣೆ

ವಸಂತಿಯದು ಸಂಶೋಧನೆಯ ಕೆಲಸ. ಊರಲ್ಲಿ ಯಾರಾದರೂ ಕೇಳಿದರೆ "ಮೀನಿನ ಮೊಟ್ಟೆ ನೋಡ್ತಾಳೆ" ಎನ್ನುತ್ತಿದ್ದೆ. "ಅದಕ್ಕೆ ಅಷ್ಟು ದೂರ ಎಂತಕ್ಕೆ, ನಮ್ಮ ಬಂದರಿಗೆ ಬಂದ್ರೆ ಸಾಕಿತ್ತು," ಎಂದವರೂ ಇದ್ದಾರೆ.

ಸರಿಯಾಗಿ ನನಗೆ ತಿಳಿಸಿ ಹೇಳಿದ್ದು ಅವಳು ಅಲ್ಲಿಯ ಅಡುಗೆಮನೆಯಲ್ಲಿ, ನಾನು ಹಪ್ಪಳ ಕರಿಯುತ್ತಿದ್ದಾಗ. ಮೊಟ್ಟೆಯೊಳಗಿನ ಮರಿಗೆ ತನ್ನದೇ ಜೀನ್ ಇರುತ್ತದಂತೆ, ಆದರೆ ಮೊದಲ ಕೆಲವು ಗಂಟೆ ಅದು ಅವನ್ನು ಹೆಚ್ಚುಕಡಿಮೆ ಓದುವುದೇ ಇಲ್ಲ. ತಾಯಿ ಮೊಟ್ಟೆ ಕಟ್ಟುವಾಗಲೇ ಒಳಗೆ ಕೆಲವು ಸಂದೇಶ ತುಂಬಿಟ್ಟಿರುತ್ತಾಳೆ. ಅದರ ಪ್ರಕಾರವೇ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತದೆ. ಆಮೇಲೆ ಒಂದು ಹೊತ್ತಿನಲ್ಲಿ ಮರಿ ತನ್ನದನ್ನು ತಾನೇ ಓದಲು ತೊಡಗುತ್ತದೆ, ತಾಯಿಯದು ಕರಗಿ ಹೋಗುತ್ತದೆ.

"ಎಲ್ಲವೂ ಕರಗ್ತದಾ?" ಎಂದೆ.

"ಹೆಚ್ಚಿನದ್ದೆಲ್ಲ. ಯಾವುದು ಯಾವಾಗ ಹೋಗ್ತದೆ, ಯಾವುದು ಮೊದಲು ಏಳ್ತದೆ, ಆ ಸರದಿ ಕಾಣುದೇ ನನ್ನ ಕೆಲಸ. ಮೀನಿಗೂ ಕಪ್ಪೆಗೂ ಅದು ಒಂದೇ ರೀತಿ ಉಂಟಾ, ಬೇರೆ ಉಂಟಾ ಅಂತ. ಬೇರೆ ಆದ್ರೆ ಯಾವಾಗಿಂದ ಬೇರೆ ಆಯ್ತು ಅಂತ."

ಇನ್ನೊಂದು ಮಾತು ಹೇಳಿದಳು. ಬೆನ್ನುಮೂಳೆ ಇರುವ ಪ್ರಾಣಿಗಳ ಮೊಟ್ಟೆ ಸುರುವಿಗೆ ಒಂದೊಂದು ತರ. ಕೊನೆಗೆ ಹುಟ್ಟುವ ಮರಿಯೂ ಒಂದೊಂದು ತರ. ನಡುವೆ ಒಂದು ಹಂತದಲ್ಲಿ ಮಾತ್ರ ಮೀನು, ಕಪ್ಪೆ, ಕೋಳಿ, ಮನುಷ್ಯ ಎಲ್ಲವೂ ಹೋಲುತ್ತವೆ: ದೊಡ್ಡ ತಲೆ, ಡೊಂಕು ಬೆನ್ನು, ಬಾಲ. "ಡಮರು ಇದ್ದ ಹಾಗೆ ಅಕ್ಕ. ಎರಡು ಬದಿ ಅಗಲ, ನಡು ಸಪೂರ." ಆ ಸಪೂರ ಜಾಗದಲ್ಲಿ ತಲೆ ಎಲ್ಲಿ, ಬೆನ್ನೆಲ್ಲಿ, ಬಾಲವೆಲ್ಲಿ ಎಂದು ಹೇಳುವ ಜೀನ್‌ಗಳು ಎಲ್ಲರಲ್ಲೂ ಒಂದೇ ಮನೆತನದವಂತೆ. ನಾನು ಕರಿಯುವುದನ್ನು ಮರೆತು ಒಂದು ಹಪ್ಪಳ ಸೀಯಿಸಿದೆ.

ಮರುದಿನ ಮಧ್ಯಾಹ್ನದ ಮೇಲೆ ತನ್ನ ಸಂಸ್ಥೆಗೆ ಕರೆದುಕೊಂಡು ಹೋದಳು. ಮೀನಿನ ಕೋಣೆ ನೆಲಮಾಳಿಗೆಯ ಪಕ್ಕ, ಓಣಿಗೆ ಕಿಟಕಿ. ಗೋಡೆಯುದ್ದಕ್ಕೂ ಗಾಜಿನ ತೊಟ್ಟಿ, ಅದರಲ್ಲಿ ಬೆರಳ ತುದಿಯಷ್ಟು ಉದ್ದದ, ನೀಲಿ ಪಟ್ಟೆಯ ಮೀನುಗಳು. ಅವಕ್ಕೆ ಊಟ ಹಾಕಿ ತೊಟ್ಟಿ ತೊಳೆಯುವವರು ಬಿಮಲ್‌ದಾ, ಅಂದರೆ ಬಿಮಲ್ ಅಣ್ಣ. ವಯಸ್ಸಾದವರು, ಮಂಕಿಟೋಪಿ, ಕುತ್ತಿಗೆಯಲ್ಲಿ ಕೆಂಪು ದಾರಕ್ಕೆ ಕಟ್ಟಿದ ಕೋಣೆಯ ಕೀಲಿ. ನನ್ನ ಹಿಂದಿ ಟಿ.ವಿ. ಧಾರಾವಾಹಿಯದ್ದು, ಅವರದ್ದು ಅದಕ್ಕಿಂತ ಸ್ವಲ್ಪ ಕಡೆ. ಹಾಗಾಗಿ ಚೆನ್ನಾಗಿ ಹೊಂದಿತು.

"ಇವು ನಮ್ಮ ಹೊಂಡದ ಮೀನೇ ದಿದಿ," ಎಂದರು. "ನಾನು ಚಿಕ್ಕವನಿದ್ದಾಗ ಗದ್ದೆಯ ನೀರಲ್ಲಿ ಹಿಡಿದಿದ್ದೇನೆ. ಇವುಗಳ ಮುತ್ತಜ್ಜ ವಿಲಾಯತಿಗೆ ಹೋದ. ಇವು ವಿಮಾನದಲ್ಲಿ ವಾಪಸು ಬಂದವು. ಈಗ ಹೊಂಡದ ನೀರು ಆಗುವುದಿಲ್ಲ, ಫಿಲ್ಟರ್ ನೀರೇ ಬೇಕು."

"ನಮ್ಮೂರಲ್ಲೂ ದುಬೈಗೆ ಹೋಗಿ ಬಂದವರು ಹಾಗೇ," ಎಂದೆ. ಅವರು ಟೋಪಿಯೊಳಗೆ ನಕ್ಕರು.

ಕೋಣೆಯ ಮೂಲೆಯಲ್ಲಿ ಕಪ್ಪು ಪರದೆ ಎಳೆದ ಒಂದು ಬೀರು. ವಸಂತಿ ಅದರೊಳಗೆ ಚಿಕ್ಕ ಪೆಟ್ಟಿಗೆಗಳಲ್ಲಿ ಒಂದೊಂದು ಜೋಡಿ ಮೀನು ಬಿಟ್ಟಳು. ಪೆಟ್ಟಿಗೆಗೆ ಜಾಲರಿಯ ತಳ. ಮೊಟ್ಟೆ ಕೆಳಗೆ ಬೀಳಲಿ ಎಂದು. ಇಲ್ಲವಾದರೆ ಹೆತ್ತವರೇ ತಿಂದುಬಿಡುತ್ತವೆ. ಬೀರುವಿನ ದೀಪ ಯಂತ್ರದಿಂದ ತಾನಾಗಿ ಆರಿ ಹೊತ್ತುತ್ತದೆ; ಅಲ್ಲಿ ರಾತ್ರಿ ಬೇಗ ಬರುತ್ತದೆ, ಬೆಳಗೂ ಬೇಗ. ಕತ್ತಲೆಯಲ್ಲಿ ಸಾಕಷ್ಟು ಹೊತ್ತು ಇದ್ದು ಆಮೇಲೆ ದೀಪ ಹೊತ್ತಿದರೆ ಮೊಟ್ಟೆ ಇಡುತ್ತವೆ. ನಾವು ಮಲಗಿರುವಾಗಲೇ ಅದೆಲ್ಲ ಆಗಿ, ಇವಳು ಬೆಳಿಗ್ಗೆ ಬಂದು ಮುಟ್ಟುವಾಗ ಮೊಟ್ಟೆಗೆ ಬೇಕಾದಷ್ಟೇ ವಯಸ್ಸಾಗಿರುತ್ತದೆ.

"ನಾಳೆ ದೊಡ್ಡ ಸೂಕ್ಷ್ಮದರ್ಶಕ ನನಗೆ ಸಿಕ್ಕಿದೆ ಅಕ್ಕ. ಎಷ್ಟು ಜನರನ್ನು ಬೇಡಿದ್ದೇನೆ ಅದಕ್ಕೆ. ನಾಳೆ ಆಗ್ಲಿಲ್ಲಾದ್ರೆ ಇನ್ನು ಹೆರಿಗೆ ರಜೆ ಮುಗಿದ ಮೇಲೆಯೇ." ಅಷ್ಟರಲ್ಲಿ ಅವಳಿಗೆ ಫೋನ್ ಬಂತು. "ಇಲ್ಲೇ ಕೂತ್ಕೊ, ಈಗ ಬಂದೆ. ಎಂತದೂ ಮುಟ್ಬೇಡ ಆಯ್ತಾ," ಎಂದು ಹೊರಗೆ ಹೋದಳು. ಬಿಮಲ್‌ದಾ ಆಗಲೇ ಹೋಗಿಯಾಗಿತ್ತು.

ನಾನು ಸ್ಟೂಲಿನ ಮೇಲೆ ಕೂತಿದ್ದೆ. ಕಿಟಕಿಯಾಚೆ ಬೆಳಕು ಸರಿಯಿತು. ಓಣಿಯ ಯಾವುದೋ ಮನೆಯಿಂದ ಶಂಖ ಕೇಳಿತು. ಅದೇ ಹೊತ್ತಿಗೆ ಪರದೆಯ ಹಿಂದೆ ಟಕ್ ಎಂದು ದೀಪ ಆರಿತು.

ಅವಳು ಹೇಳಿದ್ದೆಲ್ಲ ನನ್ನ ತಲೆಯಲ್ಲಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಕೈಯಲ್ಲಿರಲಿಲ್ಲ. ಮೂರ್ಸಂಜೆ, ಶಂಖ, ಕತ್ತಲೆ, ಒಳಗೆ ನಾಳೆ ಹೆರಬೇಕಾದ ಜೀವಗಳು. ಪರದೆಯ ಬದಿಗೆ ಒಂದು ಸ್ವಿಚ್ ಕಂಡಿತು. ಒತ್ತಿದೆ. ಪರದೆಯ ಅಂಚಿನಲ್ಲಿ ಬೆಳಕಿನ ಗೆರೆ ಮೂಡಿತು. ಕೈಮುಗಿದೆ ಕೂಡ. ವಸಂತಿ ಅವಸರದಲ್ಲಿ ಬಂದು, ಬಾಗಿಲಲ್ಲೇ ನಿಂತು ನನ್ನನ್ನು ಕರೆದು, ತನ್ನ ಬಳಿಯ ಕೀಲಿಯಿಂದ ಬೀಗ ಹಾಕಿ ಹೊರಟಳು. ದಾರಿಯಲ್ಲಿ ಖರ್ಜೂರದ ಬೆಲ್ಲದ ಸಂದೇಶ್ ಎಂಬ ಸಿಹಿ ಕೊಡಿಸಿದಳು. ಎಷ್ಟು ಚೆನ್ನಾಗಿತ್ತು ಎಂದರೆ ನಾನು ಬೆಲ್ಲದ ಬಗ್ಗೆ ಮಾತಾಡುತ್ತ ದೀಪದ ವಿಷಯ ಮರೆತೇಬಿಟ್ಟೆ.

ಮರುದಿನ ಬೆಳಿಗ್ಗೆ

ವಸಂತಿ ಪೆಟ್ಟಿಗೆಯನ್ನು ಒಂದೊಂದಾಗಿ ಎತ್ತಿ ತಳ ನೋಡಿದಳು. ಏನೂ ಇರಲಿಲ್ಲ. ನೀರು ಮಾತ್ರ. ಮೀನುಗಳು ಮೂಲೆಯಲ್ಲಿ ಸುಮ್ಮನೆ ನಿಂತಿದ್ದವು. ಕೊನೆಯ ಪೆಟ್ಟಿಗೆ ಇಟ್ಟು ಅವಳು ಪರದೆಯ ಬದಿಯ ಸ್ವಿಚ್ ನೋಡಿದಳು. ದೀಪ ಹೊತ್ತಿಸಿ ಆರಿಸುವ ಯಂತ್ರವನ್ನು ಮೀರಿ, ಕೈಯಿಂದ ದೀಪ ಹಾಕುವ ಸ್ವಿಚ್ ಅದು. ರಾತ್ರಿಯಿಡೀ ಬೀರುವಿನಲ್ಲಿ ಹಗಲೇ ಇತ್ತು.

ಅವಳು ಕೂಗಲಿಲ್ಲ. ಕೋಣೆಯ ಕೀಲಿ ಅವಳದು ಬಿಟ್ಟರೆ ಬಿಮಲ್‌ದಾ ಬಳಿ ಮಾತ್ರ; ಅವರನ್ನು ಕರೆದು ಮೆಲ್ಲನೆ ಬಂಗಾಳಿಯಲ್ಲಿ ಕೇಳಿದಳು. ಅವರು ಟೋಪಿ ತೆಗೆದು, "ಆಮಿ ನಾ, ಮ್ಯಾಡಮ್," ಎಂದರು. ಇನ್ನೊಮ್ಮೆ ಹೇಳಿದರು. ಬಾಗಿಲ ಬಳಿ ಅವಳ ಜೊತೆ ಕೆಲಸ ಮಾಡುವ ಹುಡುಗಿಯರು ಬಂದು ನಿಂತಿದ್ದರು. ವಸಂತಿ ಕೈ ಚಾಚಿದಳು. ಅವರು ಕುತ್ತಿಗೆಯಿಂದ ಕೆಂಪು ದಾರ ತೆಗೆದರು. ಕಿವಿಗೆ ಸಿಕ್ಕಿಕೊಂಡಿತು, ಬಿಡಿಸಿಕೊಂಡು ಕೊಟ್ಟರು.

ನಾನು ಊಟದ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದೆ. ಭಾಷೆ ತಿಳಿಯಲಿಲ್ಲ ಎಂದು ಹೇಳಬಹುದಿತ್ತು. ಆದರೆ ತಪ್ಪು ಮಾಡದವನು "ನಾನಲ್ಲ" ಎನ್ನುವುದು ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ವಸಂತಿಯ ಮುಖ ಬಿಳಿಚಿಕೊಂಡಿತ್ತು. ಅವಳ ಮುಂದೆ ನಾನು ಎಂದೂ ತಪ್ಪಿತಸ್ಥಳಾಗಿ ನಿಂತವಳಲ್ಲ. ಅವಳ ಜಡೆ ಹೆಣೆದವಳು, ಅವಳ ಫೀಸು ಕಟ್ಟಿದವಳು. ನಮ್ಮಿಬ್ಬರಲ್ಲಿ ಸರಿ ಹೇಳುವವಳು ಯಾವತ್ತೂ ನಾನು. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತಲೇ ಬಿಮಲ್‌ದಾ ಬಕೆಟ್ ಎತ್ತಿಕೊಂಡು ಹೊರಗೆ ಹೋದರು. ಆ ದಿನ ತೊಟ್ಟಿ ತೊಳೆಯಲು ಅವರು ಬಂದಾಗಲೆಲ್ಲ ಆ ಹುಡುಗಿಯರಲ್ಲಿ ಒಬ್ಬಳು ಬಾಗಿಲು ತೆಗೆದು ಕಾದು ನಿಲ್ಲುತ್ತಿದ್ದಳು. ಅವರು ನನಗೆ ಹಿಂದಿನ ದಿನದ ಹಾಗೆಯೇ ಸ್ಟೂಲು ಒರೆಸಿ ಕೊಟ್ಟರು.

ಅದೇ ಸಂಜೆ

ಮನೆಗೆ ಬಂದು ವಸಂತಿ ದಿವಾನದ ಮೇಲೆ ಮಲಗಿದಳು. ಕಾಲು ಊದಿತ್ತು. ನಾನು ಎಣ್ಣೆ ತಿಕ್ಕುತ್ತಿದ್ದೆ. ಕತ್ತಲಾಗುತ್ತ ಬಂತು. ನಾನು ಏಳಲಿಲ್ಲ.

"ಅಕ್ಕ, ಲೈಟ್ ಹಾಕು," ಎಂದಳು ಕಣ್ಣು ಮುಚ್ಚಿಕೊಂಡೇ. "ಮೂರ್ಸಂಜೆ ಆಯ್ತಲ್ಲ."

ಅಮ್ಮನ ಮುಖ ನೆನಪಿಲ್ಲದವಳು ಅಮ್ಮನ ಮಾತನ್ನು ಅಮ್ಮನ ರಾಗದಲ್ಲೇ ಹೇಳಿದಳು. ನನಗೆ ತಡೆಯಲಾಗಲಿಲ್ಲ.

"ವಸಂತಿ, ನಿನ್ನೆ ಮೀನಿಗೂ ನಾನೇ ಹಾಕಿದ್ದು."

"ಎಂತ?"

"ಲೈಟು. ಶಂಖ ಊದಿದ್ರು, ಅದು ಆರಿ ಹೋಯ್ತು. ಕೈ ಹೋಯ್ತು."

ಅವಳು ಎದ್ದು ಕೂತಳು. ಎದುರು ಮನೆಯ ಶಂಖ ಊದಿ ಮುಗಿಯಿತು. "ಬೆಳಿಗ್ಗೆ ಎಂತಕ್ಕೆ ಹೇಳ್ಲಿಲ್ಲ?"

"ನಿನ್ನ ಮುಖ ಕಂಡು ಹೆದರಿಕೆ ಆಯ್ತು."

"ನನ್ನ ಕಂಡಾ? ನಿನಗಾ?" ಅವಳು ಕಾಲು ಎಳೆದುಕೊಂಡಳು. "ಮೊಟ್ಟೆ ಹೋದ್ರೆ ಹೋಯ್ತು ಅಕ್ಕ. ಮೀನು ಇನ್ನೊಂದು ವಾರಕ್ಕೆ ಇಡ್ತದೆ. ನಾನು ಬಿಮಲ್‌ದಾರ ಕೀಲಿ ತೆಗೊಂಡೆ. ಎಲ್ಲರ ಎದುರು. ಅವರು ಎರಡು ಸಲ ಅಲ್ಲ ಅಂತ ಹೇಳಿದ್ರು, ನಾನು ನಂಬ್ಲಿಲ್ಲ. ನೀನು ಅಲ್ಲೇ ಇದ್ದಿ."

ನಾನು ಎಣ್ಣೆಯ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೆ. ಆ ಸಂಜೆ ಮನೆಯಲ್ಲಿ ದೀಪ ಹಾಕಿದ್ದು ಅವಳು. ಊಟ ಇಬ್ಬರಿಗೂ ಸೇರಲಿಲ್ಲ.

ಚಹಾದ ಅಂಗಡಿ

ಬೆಳಿಗ್ಗೆ ಬಿಮಲ್‌ದಾ ಸಂಸ್ಥೆಯ ಗೇಟಿನ ಎದುರು ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದರು, ಕೈಯಲ್ಲಿ ಮಣ್ಣಿನ ಕುಡಿಕೆ. ಸುತ್ತ ನಾಲ್ಕಾರು ಮಂದಿ ಇದ್ದರು. ವಸಂತಿ, "ನಾನು ಹೇಳ್ತೇನೆ, ನೀನು ನಿಂತ್ಕೊ," ಎಂದಳು. ಬೇಡವೆಂದೆ. ಎಲ್ಲರ ಎದುರು ಸುಮ್ಮನಿದ್ದವಳು ಎಲ್ಲರ ಎದುರೇ ಹೇಳಬೇಕು. ಬೆಳಕಿಗೆ ಅವರ ಭಾಷೆಯಲ್ಲಿ ಆಲೋ ಎನ್ನುತ್ತಾರೆ ಎಂದು ಕೇಳಿಕೊಂಡಿದ್ದೆ. ಅವರ ಮುಂದೆ ನಿಂತಾಗ ಮಾತ್ರ ನನಗೆ ಬರುತ್ತಿದ್ದ ಆ ಒಂದೇ ಕ್ರಿಯಾಪದ ಬಾಯಿಗೆ ಬಂತು.

"ದಾದಾ, ಆಮಿ ಆಲೋ ಖೇಯೇಛಿ."

ನಾನು ಬೆಳಕು ತಿಂದೆ ಎಂದು ಹೇಳಿದ್ದೆ. ನನ್ನ ಉಚ್ಚಾರಕ್ಕೆ ಅವರಿಗೆ ಅದೂ ಕೇಳಿಸಲಿಲ್ಲ.

"ಆಲೂಗಡ್ಡೆ ತಿಂದಿರಾ?" ಎಂದರು ಹಿಂದಿಯಲ್ಲಿ, ಮರ್ಯಾದೆಯಿಂದ. "ತಿನ್ನಿ ದಿದಿ. ಅದರಲ್ಲೇನು."

ಬೆಂಚಿನವರು ನಕ್ಕರು. ನನಗೆ ಅಳು ಬಂತು. ಅಳುತ್ತಲೇ ಬೆರಳಿನಿಂದ ಸ್ವಿಚ್ ಒತ್ತುವ ಹಾಗೆ ಮಾಡಿದೆ, ಬಾಯಿಯಿಂದ ಟಕ್ ಎಂದೆ, ಎದೆ ಮುಟ್ಟಿ "ಆಮಿ" ಎಂದೆ. ಅವರ ನಗು ನಿಂತಿತು. ವಸಂತಿ ಉಳಿದದ್ದನ್ನು ಹೇಳಿದಳು. ಶಂಖದ ಮಾತು ಬಂದಾಗ ಅವರು ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಅವಳು ತನ್ನದನ್ನೂ ಹೇಳಿಕೊಂಡಳು. ಹೊಟ್ಟೆ ಅಡ್ಡ ಬಂದದ್ದರಿಂದ ಪೂರ್ತಿ ಬಗ್ಗಲಾಗದೆ, ಎರಡು ಕೈಯಲ್ಲಿ ಕೀಲಿ ಹಿಡಿದು ನಿಂತಳು.

ಬಿಮಲ್‌ದಾ ಕೀಲಿಯನ್ನು ಶಾಲಿನ ತುದಿಯಿಂದ ಒರೆಸಿದರು. ಕುತ್ತಿಗೆಗೆ ಹಾಕಿಕೊಳ್ಳಲಿಲ್ಲ, ಜೇಬಿಗೆ ಇಟ್ಟರು.

"ನಮ್ಮ ಮನೆಯಲ್ಲೂ ಅಮ್ಮ ಹಾಗೇ," ಎಂದರು ನನಗೆ. ಕುಡಿಕೆಯನ್ನು ಬೆಂಚಿನ ಮೇಲಿಟ್ಟು, "ನಿನ್ನೆಯೇ ಹೇಳಬಹುದಿತ್ತು ದಿದಿ," ಎಂದರು.

ಹೌದೆಂದು ತಲೆ ಆಡಿಸಿದೆ. ಅವರು ಅಂಗಡಿಯವನಿಗೆ ಕೈ ಎತ್ತಿ ಎರಡು ಚಹಾ ತರಿಸಿದರು. ನಾವಿಬ್ಬರೂ ನಿಂತುಕೊಂಡೇ ತಿಂದೆವು.

ಹೊರಡುವ ಮುಂಚಿನ ಸಂಜೆ

ದೊಡ್ಡ ಸೂಕ್ಷ್ಮದರ್ಶಕದ ಸರದಿ ಬೇರೆಯವರಿಗೆ ಹೋಯಿತು. ಆ ನಷ್ಟ ನಷ್ಟವಾಗಿಯೇ ಉಳಿದಿದೆ. ವಸಂತಿ ಅದರ ಮಾತು ಎತ್ತುವುದಿಲ್ಲ. ಎತ್ತದಿರುವುದು ನನಗೆ ಕಾಣುತ್ತದೆ. ಆದರೆ ಮೀನುಗಳು ಅವಳು ಹೇಳಿದಂತೆ ಆಮೇಲಿನ ವಾರ ಮೊಟ್ಟೆ ಇಟ್ಟವು. ನಾನು ಊರಿಗೆ ಹೊರಡುವ ಮೊದಲು, ಮೇಜಿನ ಮೇಲಿನ ಚಿಕ್ಕ ಸೂಕ್ಷ್ಮದರ್ಶಕದಲ್ಲಿ ಅವಳು ಹಿಂದಿನ ದಿನದ ಮೊಟ್ಟೆಯೊಂದನ್ನು ಇಟ್ಟು ಕರೆದಳು.

ಮೊದಲು ನನ್ನದೇ ರೆಪ್ಪೆ ಕಂಡಿತು. ಆಮೇಲೆ ಗಾಜಿನ ಗುಂಡು, ಅದರೊಳಗೆ ಹಳದಿಯನ್ನು ತಬ್ಬಿಕೊಂಡು ಸುತ್ತಿದ ಒಂದು ಜೀವ. ದೊಡ್ಡ ಕಣ್ಣು, ಬೆನ್ನಿನುದ್ದಕ್ಕೂ ಸಾಲು ಗೆರೆ, ಬಾಲ. ಆಗಾಗ ಬಾಲ ಸೆಟೆಯುತ್ತಿತ್ತು. ಕತ್ತಿನ ಕೆಳಗೆ ಏನೋ ಮಿಡಿಯುತ್ತಿತ್ತು.

"ಎದೆ," ಎಂದಳು ವಸಂತಿ. "ಒಂದೇ ದಿನಕ್ಕೆ."

"ಅಮ್ಮನ ಸಂದೇಶ?"

"ಹೆಚ್ಚಿನದ್ದು ಹೋಗಿ ಆಗಿದೆ. ಈಗ ಅದರದ್ದೇ ಓದು." ಅವಳು ಹೊಟ್ಟೆಯ ಮೇಲೆ ಕೈಯಿಟ್ಟಳು. "ಇದೂ ಸುರುವಿಗೆ ಹೆಚ್ಚುಕಡಿಮೆ ಹೀಗೇ ಇತ್ತು ಅಕ್ಕ. ಬಾಲ ಸಮೇತ."

"ಬಾಲ ನಿನಗೆ ಇನ್ನೂ ಉಂಟು," ಎಂದೆ. ನಕ್ಕಳು. ಆ ಸಂಜೆಯ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಅವಳು ಕೈ ತೊಳೆಯಲು ಹೋದಳು. ಕಿಟಕಿಯಾಚೆ ಬೆಳಕು ಸರಿಯಿತು. ಓಣಿಯಲ್ಲಿ ಶಂಖ ಕೇಳಿತು. ಪರದೆಯ ಹಿಂದೆ ದೀಪ ಟಕ್ ಎಂದು ಆರಿತು. ನನ್ನ ಬಲಗೈ ಎದ್ದಿತು, ನಿಜ. ಎಡಗೈಯಿಂದ ಅದನ್ನು ಹಿಡಿದು ಸೆರಗಿನೊಳಗೆ ಇಟ್ಟುಕೊಂಡು ಕೂತೆ. ಕತ್ತಲೆಯಲ್ಲಿ ಮೀನುಗಳ ಸದ್ದು ಕೇಳುವುದಿಲ್ಲ. ಆದರೂ ಅವು ಅಲ್ಲಿವೆ, ಬೇಕಾದ್ದನ್ನು ಒಳಗೊಳಗೇ ಕಟ್ಟಿಕೊಳ್ಳುತ್ತಿವೆ ಎಂದು ಗೊತ್ತಾಗುತ್ತಿತ್ತು. ಕತ್ತಲೆ ಅಮಂಗಲ ಎಂದು ನನಗೆ ಅಲ್ಲಿ ಅನಿಸಲಿಲ್ಲ.

ಬಾಗಿಲ ಬಳಿ ಕೀಲಿಯ ಸದ್ದಾಯಿತು. ಬೀಗ ಹಾಕಲು ಬಿಮಲ್‌ದಾ ಬಂದು ನಿಂತಿದ್ದರು, ಟೋಪಿಯ ಕೆಳಗೆ ಕುತ್ತಿಗೆಯಲ್ಲಿ ಕೆಂಪು ದಾರ. ಕತ್ತಲೆಯಲ್ಲಿ ಕೂತಿದ್ದ ನನ್ನನ್ನೂ, ಆರಿದ ಬೀರುವನ್ನೂ ನೋಡಿದರು.

"ಕೀ ದಿದಿ," ಎಂದರು, "ಆಲೋ ಖಾಬೇನ್ ನಾ?"

ಏನು ದಿದಿ, ಇವತ್ತು ಬೆಳಕು ತಿನ್ನುವುದಿಲ್ಲವಾ?

ಅಷ್ಟು ದಿನದಲ್ಲಿ ನನಗೆ ಇನ್ನೆರಡು ಮಾತು ಬರುತ್ತಿತ್ತು.

"ನಾ ದಾದಾ," ಎಂದೆ. "ಪೇಟ್ ಭೊರ್ತಿ." ಹೊಟ್ಟೆ ತುಂಬಿದೆ.